ಆರನೇ ಕಂತಿನ ಎಮ್ಮೆ

ನಂಜನಗೂಡಿನ ಆರ್.ಪಿ. ರಸ್ತೆಯಲ್ಲಿ ಫೋಟೊ ಸ್ಟುಡಿಯೋ ಇಟ್ಟಿದ್ದ ನಂಜುಂಡಯ್ಯನವರ ಹೆಂಡತಿ ಪುಟ್ಟಲಕ್ಷ್ಮಿ ಮೂವತ್ತೆರಡು ವರ್ಷ ಬೇರೆಯವರ ಮುಖ ತಿದ್ದಿದವರು. ಗಂಡ ಹೊರಗೆ ಕ್ಯಾಮೆರಾ ಹಿಂದೆ ನಿಂತು 'ಗದ್ದ ಮೇಲೆ, ಇನ್ನೂ ಸ್ವಲ್ಪ ಮೇಲೆ' ಅನ್ನುತ್ತಿದ್ದರೆ, ಇವರು ಒಳಕೋಣೆಯಲ್ಲಿ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು, ಸೂಜಿಯ ಹಾಗೆ ಕೆತ್ತಿದ ಪೆನ್ಸಿಲಿನಿಂದ ಮದುವೆ ಹೆಣ್ಣುಗಳ ಮೊಡವೆ, ಗಂಡುಗಳ ಸಿಡುಬಿನ ಕಲೆ, ಹಿರಿಯರ ಕಣ್ಣಡಿಯ ಕಪ್ಪು ಎಲ್ಲವನ್ನೂ ಒಂದೊಂದಾಗಿ ಅಳಿಸುತ್ತಿದ್ದರು. ತಾಲ್ಲೂಕಿನ ಅರ್ಧ ಮದುವೆಗಳು ಕುದುರಿದ್ದೇ ತಮ್ಮ ಹೆಂಡತಿಯ ಪೆನ್ಸಿಲಿನಿಂದ ಎಂದು ನಂಜುಂಡಯ್ಯ ಈಗಲೂ ಹೇಳುತ್ತಾರೆ. ಡಿಜಿಟಲ್ ಬಂತು, ಪೆನ್ಸಿಲಿನ ಕೆಲಸ ಹೋಯಿತು, ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂತು. ಕಣ್ಣು ಮಾತ್ರ ಹೋಗಲಿಲ್ಲ. ಅರವತ್ತಮೂರರಲ್ಲೂ ಪುಟ್ಟಲಕ್ಷ್ಮಿ, ಮನೆಗೆ ಬಂದ ನೆಂಟರನ್ನು ಕೂರಿಸುವ ಮೊದಲು ಅವರ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ನೋಡಿ ಕುರ್ಚಿ ಸರಿಸುವವರು.

ಇಂಥವರಿಗೆ ಟಿ.ವಿ. ಧಾರಾವಾಹಿಗಳು ಹಿಡಿಸುವುದು ಕಷ್ಟ. ಅಡುಗೆಮನೆಯಲ್ಲೂ ಮದುವೆಮನೆಯ ದೀಪ, ಆಸ್ಪತ್ರೆಯ ಹಾಸಿಗೆಯಲ್ಲೂ ರೇಷ್ಮೆ ಸೀರೆ, ಯಾರ ಮುಖಕ್ಕೂ ನೆರಳೇ ಇಲ್ಲ. ಹಾಗೆ ಬೈದುಕೊಳ್ಳುತ್ತಲೇ ಇದ್ದವರ ಕಣ್ಣಿಗೆ 'ಕೆರೆಕೋಡಿ ಠಾಣೆ' ಬಿತ್ತು. ಒಂದು ಸಣ್ಣ ಊರು, ಅಲ್ಲಿ ಕೊಲೆಗಳು, ಅವನ್ನು ಬಿಡಿಸುವವನು ಗುರುಪಾದಯ್ಯ ಎನ್ನುವ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಅವನ ಹತ್ತಿರ ಪಿಸ್ತೂಲಿಲ್ಲ, ಕಾರಿಲ್ಲ, ಮಾತೂ ಹೆಚ್ಚಿಲ್ಲ. ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಎದುರಿಗಿರುವವನನ್ನು ನೋಡುತ್ತಾನೆ, ಅಷ್ಟೇ. ಎದುರಿನವನು ತಾನಾಗಿ ಒಪ್ಪಿಕೊಂಡುಬಿಡುತ್ತಾನೆ. ಆ ಪಾತ್ರ ಮಾಡುತ್ತಿದ್ದವರು ಚನ್ನಪ್ಪ ಎನ್ನುವ ಹಳೆಯ ಕಂಪನಿ ನಾಟಕದ ನಟರು. ಆದರೆ ಪುಟ್ಟಲಕ್ಷ್ಮಿಗೆ ಮೊದಲು ಹಿಡಿಸಿದ್ದು ನೆರಳು. ಆ ಠಾಣೆಯೊಳಗೆ ಮಧ್ಯಾಹ್ನವೆಂದರೆ ನಿಜವಾಗಿ ಮಧ್ಯಾಹ್ನ. ಕಿಟಕಿಯ ಸರಳು ಗೋಡೆಯ ಮೇಲೆ ಎಷ್ಟು ಓರೆಯಾಗಿ ಬೀಳಬೇಕೋ ಅಷ್ಟೇ ಓರೆ. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ 'ಛಾಯಾಗ್ರಹಣ: ರೇವತಿ' ಎಂದು ಓದಿದಾಗ, "ಹೆಣ್ಣುಮಗಳು ಕಣ್ರೀ" ಎಂದು ಅವರು ಸೋಫಾದ ಮೇಲೆ ತೂಕಡಿಸುತ್ತಿದ್ದ ಗಂಡನನ್ನು ಎಬ್ಬಿಸಿಯೇ ಹೇಳಿದರು.

ಹೀಗೆ ಮೆಚ್ಚಿದವರು ಇವರೊಬ್ಬರೇ ಅಲ್ಲ. ವಾಟ್ಸಾಪಿನಲ್ಲಿ 'ಕೆರೆಕೋಡಿ ಠಾಣೆ ರಸಿಕರ ಬಳಗ' ಎಂದೊಂದು ಗುಂಪಿತ್ತು. ನೂರಹದಿನಾಲ್ಕು ಜನ. ಕಟ್ಟಿದವರು ಕೃಷ್ಣಪ್ರಸಾದ್, ನಂಜನಗೂಡಿನ ಒಂದು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರು, ಕಳಲೆಯ ಅರ್ಚಕರ ಮನೆತನ. ಹಿಂದೊಮ್ಮೆ ಹತ್ತು ದಿನದ ಚಲನಚಿತ್ರ ರಸಗ್ರಹಣ ಶಿಬಿರಕ್ಕೆ ಹೋಗಿ ಸರ್ಟಿಫಿಕೇಟು ತಂದಿದ್ದರು. ಅಂದಿನಿಂದ ಯಾವುದನ್ನೂ ಬರೀ ನೋಡಿ ಸುಮ್ಮನಿರುವುದು ಅವರಿಂದ ಸಾಧ್ಯವಾಗಿರಲಿಲ್ಲ. ಪ್ರತಿ ಕಂತು ಮುಗಿದ ಮರುದಿನ ಗುಂಪಿಗೆ ಅವರ ವಿಮರ್ಶೆ ಬರುತ್ತಿತ್ತು. ಓದಲು ಕೂತರೆ ಬೆರಳು ಉಜ್ಜಿ ಉಜ್ಜಿ ಸವೆಯುವಷ್ಟು ಉದ್ದ.

ಆರನೇ ಕಂತು ಬಂದಾಗ ತಕರಾರು ಶುರುವಾಯಿತು. ಆ ಕಂತಿನಲ್ಲಿ ಗುರುಪಾದಯ್ಯ, ಸತ್ತುಹೋದ ಹುಡುಗನ ಮನೆಯ ಮುಂದಿನ ನಾಲೆಯ ಏರಿಯ ಮೇಲೆ ನಿಂತು, ಅವನ ತಾಯಿಗೆ ಸುದ್ದಿ ಹೇಳಬೇಕು. ಹೇಳುವುದಿಲ್ಲ. ನಿಲ್ಲುತ್ತಾನೆ. ತಾಯಿಗೆ ತಾನಾಗಿ ಗೊತ್ತಾಗುತ್ತದೆ. ಗುಂಪಿನಲ್ಲಿ ಆ ದಿನ ಅತ್ತವರೇ ಎಲ್ಲ. ಪುಟ್ಟಲಕ್ಷ್ಮಿ ಅತ್ತರು, ಕಣ್ಣೊರೆಸಿಕೊಂಡರು, ದೃಶ್ಯವನ್ನು ಮೊಬೈಲಿನಲ್ಲಿ ಮತ್ತೆ ಹಾಕಿ ನಿಲ್ಲಿಸಿ ದೊಡ್ಡದು ಮಾಡಿ ನೋಡಿದರು. ಆಮೇಲೆ ಗುಂಪಿಗೆ ಬರೆದರು: "ಗುರುಪಾದಯ್ಯನ ಮುಖಕ್ಕೆ ಕೆಳಗಿನಿಂದ ಬೆಳಕು ಬಂದಿದೆ. ಕಣ್ಣುಗುಡ್ಡೆಯ ಒಳಗೆ ನೋಡಿ, ಚೌಕನೆಯ ಬಿಳಿ ತುಂಡು ಕಾಣುತ್ತದೆ. ಬರೀ ಸೂರ್ಯನಾಗಿದ್ದರೆ ದುಂಡು ಚುಕ್ಕೆ ಇರಬೇಕಿತ್ತು. ಯಾರೋ ಬಿಳಿ ಬಟ್ಟೆ ಹಿಡಿದಿದ್ದಾರೆ."

ಕೃಷ್ಣಪ್ರಸಾದರ ಉತ್ತರ ಐದು ನಿಮಿಷದಲ್ಲಿ ಬಂತು. "ಅಮ್ಮ, ರೇವತಿಯವರು ಸಹಜ ಬೆಳಕನ್ನಷ್ಟೇ ಬಳಸುವುದಾಗಿ ಸಂದರ್ಶನದಲ್ಲಿ ಹೇಳಿದ್ದಾರೆ. ಇದು ಸ್ವಲ್ಪ ತಾಂತ್ರಿಕ ವಿಷಯ. ಆದರೂ ನಿಮ್ಮ ಆಸಕ್ತಿ ಮೆಚ್ಚುವಂಥದ್ದು." ಕೊನೆಗೆ ಎರಡು ಮುಗಿದ ಕೈಗಳ ಚಿತ್ರ.

ತಪ್ಪು ಎಂದಿದ್ದರೆ ಪುಟ್ಟಲಕ್ಷ್ಮಿಗೆ ಅಷ್ಟು ಉರಿಯುತ್ತಿರಲಿಲ್ಲ. ಆಸಕ್ತಿ ಮೆಚ್ಚುವಂಥದ್ದು ಎಂಬುದು ಮೈಗೆ ಹತ್ತಿತು. ಮುಗಿದ ಕೈಗಳು ಇನ್ನೂ ಹತ್ತಿದವು. ಬೇಳೆ ಒಗ್ಗರಣೆಗೆ ಎರಡು ಸಲ ಸಾಸಿವೆ ಹಾಕಿದರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಅಲೋ, ಎಮ್ಮಿಗೆಯಿಂದ ಮಾತಾಡ್ತಿರೋದು ಅಮ್ಮೋರೆ."

"ಎಮ್ಮೆಗೆ ಏನಾಯ್ತಮ್ಮ? ಇದು ಪಶು ಆಸ್ಪತ್ರೆ ಅಲ್ಲ."

"ಎಮ್ಮೆಗಲ್ಲ, ಎಮ್ಮಿಗೆ. ನರಸೀಪುರದ ತಾವು, ನಮ್ಮೂರು. ನಾನು ನಾಗರತ್ನ ಅಂತವ, ಗುರುಪಾದಯ್ಯನ ಗ್ರೂಪ್ನಲ್ಲಿವ್ನಿ. ಎಮ್ಮೆ ವಿಸ್ಯನೂ ಅದೆ ಅನ್ನಿ. ಅದ್ನ ಆಮೇಲೆ ಏಳ್ತೀನಿ. ಮೊದ್ಲು ಇದು ಕೇಳಿ. ನಿನ್ನೆ ನೀವು ಬಿಳೀ ಬಟ್ಟೆ ಅಂತ ಬರ್ದಿದ್ರಲ್ಲ, ಅದು ಸರಿ. ಬಟ್ಟೆಯ ಒಂದು ತುದಿ ಇಡ್ಕಂಡಿದ್ದೋಳು ನಾನೇ."

ಪುಟ್ಟಲಕ್ಷ್ಮಿ ಒಲೆ ಆರಿಸಿ ಕುರ್ಚಿ ಎಳೆದುಕೊಂಡು ಕೂತರು.

ನಡೆದದ್ದು ಇಷ್ಟು. ನಾಗರತ್ನ ಎಮ್ಮಿಗೆ ಎನ್ನುವ ಹೆಮ್ಮಿಗೆಯಲ್ಲಿ ಅವಳ ಗದ್ದೆಯ ಹಿಂದಿನ ನಾಲೆಯ ಏರಿಯ ಮೇಲೆಯೇ ಆ ದೃಶ್ಯದ ಶೂಟಿಂಗ್ ನಡೆದಿತ್ತು. ಅವಳು ಎಮ್ಮೆಯನ್ನು ನೀರಿಗೆ ಹೊಡೆದುಕೊಂಡು ಬಂದವಳು ನೋಡುತ್ತ ನಿಂತಿದ್ದಳು. ಚೌಕಟ್ಟಿಗೆ ಬಿಗಿದ ದೊಡ್ಡ ಬಿಳಿ ಬಟ್ಟೆಯನ್ನು ಇಬ್ಬರು ಹಿಡಿಯಬೇಕಾಗಿತ್ತು, ಒಬ್ಬನಿಗೆ ಹೊಟ್ಟೆ ಕೆಟ್ಟು ಮಲಗಿದ್ದ. ಕ್ಯಾಮೆರಾದ ಹೆಂಗಸು ಇವಳನ್ನು ಕರೆದು, "ಅಕ್ಕ, ಒಂಚೂರು ಹಿಡ್ಕೋತೀರಾ, ಅಲುಗಾಡಿಸಬೇಡಿ" ಎಂದಿದ್ದಳು. ಬಟ್ಟೆ ಹಿಡಿಯಲು ಎರಡು ಕೈ ಬೇಕು. ಹಗ್ಗ ಬಿಟ್ಟಳು. ಚೆಲುವಿ ಎನ್ನುವ ಅವಳ ಎಮ್ಮೆ ಯಾರ ಮಾತನ್ನೂ ಕಾಯದೆ ಗುರುಪಾದಯ್ಯನ ಬೆನ್ನ ಹಿಂದಿನಿಂದ ಹಾದು ನಾಲೆಗೆ ಇಳಿದಿತ್ತು. ಓಡಿಸಿದರು. ಮತ್ತೆ ಬಂತು. ಮತ್ತೆ ಓಡಿಸಿದರು.

"ನಾಕು ಸಲ ಕಟ್ ಕಟ್ ಅಂತ ಕೂಗುದ್ರು ಅಮ್ಮೋರೆ. ನಾ ಏನ್ ಮಾಡ್ಲಿ, ಬಟ್ಟೆ ಅಲ್ಲಾಡುಸ್ಬೇಡಿ ಅಂದವ್ರೆ. ಐದ್ನೆ ಸಲಕ್ಕೆ ಓಗ್ಲಿ ಬುಡಿ ಅಂದ್ರು. ಈಗ ಟೀವೀಲಿ ನೋಡುದ್ರೆ ನಮ್ಮ ಚೆಲುವಿ ಎಂಗ್ ನಡ್ಕಂಡೋಯ್ತಾಳೆ ಅಂತೀರಿ, ನಮ್ಮ ಮನೆಯವ್ರು ಮೂರು ದಪ ನೋಡುದ್ರು."

"ಇದನ್ನ ಗುಂಪಿಗೆ ಯಾಕೆ ಬರೀಲಿಲ್ಲ ನೀನು?"

"ಬರ್ದಿದ್ದೆ. 'ನಾನು ಅಲ್ಲಿದ್ದೆ ಸಾ' ಅಂತ. ಆ ಮೇಷ್ಟ್ರು ಅಳ್ಸಾಕ್ಬುಟ್ರು. ವಿಸ್ಯಕ್ಕೆ ಸಂಬಂದ ಇರೋದ್ನ ಮಾತ್ರ ಬರೀಬೇಕಂತೆ."

ಇಬ್ಬರು ಹೆಂಗಸರು ಒಂದೇ ಮನುಷ್ಯನ ಮೇಲೆ ಸಿಟ್ಟಾಗಿದ್ದಾಗ ಅವರ ನಡುವೆ ಬೆಳೆಯುವ ಸ್ನೇಹಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

"ನಾಗರತ್ನ, ನಾವು ಸುಳ್ಳು ಹೇಳೋದು ಬೇಡ ಕಣಮ್ಮ. ಬರೀ ಒಂದು ಪ್ರಶ್ನೆ ಕೇಳೋಣ."

ಅಂದು ಸಂಜೆ ಪುಟ್ಟಲಕ್ಷ್ಮಿ ಗುಂಪಿಗೆ ಬಹಳ ವಿನಯದಿಂದ ಬರೆದರು: "ಸರ್, ನನಗೆ ತಾಂತ್ರಿಕ ವಿಷಯ ತಿಳಿಯದು. ಆರನೇ ಕಂತಿನಲ್ಲಿ ಗುರುಪಾದಯ್ಯನ ಹಿಂದೆ ಒಂದು ಎಮ್ಮೆ ಹಾದು ಹೋಗುತ್ತದೆ. ಅದರ ಅರ್ಥವೇನು? ತಿಳಿದವರು ಹೇಳಬೇಕು." ಕೊನೆಗೆ ಮುಗಿದ ಕೈಗಳು, ಎರಡಲ್ಲ, ನಾಲ್ಕು.

ಕೃಷ್ಣಪ್ರಸಾದ್ ಆ ರಾತ್ರಿ ಉತ್ತರಿಸಲಿಲ್ಲ. ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಹನ್ನೊಂದು ಪ್ಯಾರಾಗಳ ಲೇಖನ ಬಂದಿತ್ತು. 'ಮಹಿಷ ಚಲನೆ: ಆರನೇ ಕಂತಿನ ಮೌನ ಸಂಕೇತ' ಎಂದು ತಲೆಬರಹ. ಎಮ್ಮೆ ಯಮನ ವಾಹನದ ಹೆಣ್ಣುರೂಪ. ಸತ್ತ ಮಗನ ಸುದ್ದಿ ಹೊತ್ತವನ ಬೆನ್ನ ಹಿಂದೆ ಅದು ಹಾದುಹೋಗುವುದೆಂದರೆ ಸಾವೇ ತಾಯಿಯ ರೂಪದಲ್ಲಿ ನಡೆದು ಹೋದಂತೆ. ಗುರುಪಾದಯ್ಯ ತಲೆಯನ್ನು ಕೂದಲೆಳೆಯಷ್ಟು ತಿರುಗಿಸುವುದು ಮೃತ್ಯುವಿನ ಕರೆಗೆ ಓಗೊಡುವ ಕ್ಷಣ.

ನಾಗರತ್ನ ಕೇಳಿದಳು: "ಎಮ್ಮೆ ಬಲದಿಂದ ಎಡಕ್ಕೆ ಯಾಕೆ ಹೋಯಿತು ಸಾರ್?" ಎಡಗಡೆ ನಾಲೆಯ ನೀರಿಗೆ ಇಳಿಯುವ ದಾರಿಯಿತ್ತು. ಅದು ದಕ್ಷಿಣ ದಿಕ್ಕು, ಯಮನ ದಿಕ್ಕು ಎಂದು ಕೃಷ್ಣಪ್ರಸಾದ್ ಬರೆದರು. ಅದರ ಕೊರಳಿನ ಹಗ್ಗ ನೆಲದ ಮೇಲೆ ಎಳೆದುಕೊಂಡು ಹೋಗುತ್ತದಲ್ಲ ಎಂದು ಪುಟ್ಟಲಕ್ಷ್ಮಿ ಕೇಳಿದರು. ಅದು ಕಡಿದುಹೋದ ಕರುಳಬಳ್ಳಿ ಎಂದು ಉತ್ತರ ಬಂತು. ಆ ದಿನ ಹೆಮ್ಮಿಗೆಯಿಂದ ಬಂದ ಫೋನಿನಲ್ಲಿ ಹತ್ತು ನಿಮಿಷ ನಗು ಬಿಟ್ಟು ಬೇರೇನೂ ಕೇಳಿಸಲಿಲ್ಲ. "ಆ ಅಗ್ಗ ನಮ್ಮ ಮನೆಯವ್ರು ಸಂತೇಲಿ ತಂದಿದ್ದು" ಎಂಬಷ್ಟು ಮಾತ್ರ ಪುಟ್ಟಲಕ್ಷ್ಮಿಗೆ ತಿಳಿಯಿತು.

ಆಟ ಅಲ್ಲಿಗೆ ನಿಲ್ಲಲಿಲ್ಲ. ತಿ. ನರಸೀಪುರದ ತಾಲ್ಲೂಕು ಕಚೇರಿಯ ಮುಂದೆ ಮೇಜು ಹಾಕಿಕೊಂಡು ಪತ್ರ ಬರೆಯುವ ಶಿವರಾಜು ಎನ್ನುವವರು, ಎಮ್ಮೆಗೂ ಯಮನಿಗೂ ಸಂಬಂಧವಿಲ್ಲ, ಅದು ನ್ಯಾಯದ ನಿಧಾನಗತಿಯ ಸಂಕೇತ, ಇಪ್ಪತ್ತೆಂಟು ವರ್ಷದಿಂದ ಕೋರ್ಟು ಕಚೇರಿ ನೋಡಿದವನಿಗೆ ಇದು ಕೂಡಲೇ ಗೊತ್ತಾಗುತ್ತದೆ ಎಂದು ಬರೆದರು. ಗುಂಪು ಎರಡು ಪಾಲಾಯಿತು. ಯಮನ ಕಡೆಯವರು ನಂಜನಗೂಡಿನವರು, ನ್ಯಾಯದ ಕಡೆಯವರು ಹೆಚ್ಚಾಗಿ ನರಸೀಪುರದವರು. ಒಬ್ಬರ ಸಂದೇಶಕ್ಕೆ ಇನ್ನೊಬ್ಬರು ಹೆಬ್ಬೆರಳು ಒತ್ತುವುದನ್ನೂ ಬಿಟ್ಟರು. ನಂಜುಂಡಯ್ಯ ಒಂದು ಮಧ್ಯಾಹ್ನ ಹೆಂಡತಿಯ ಫೋನು ಗುಂಯ್‌ಗುಡುವುದನ್ನು ಕೇಳಿ, "ಏನೇ ಅದು, ಯಾರಿಗಾದರೂ ಏನಾದರೂ ಆಯ್ತಾ?" ಎಂದು ಗಾಬರಿಯಾದರು. "ಏನಿಲ್ಲ, ಎಮ್ಮೆ ವಿಚಾರ" ಎಂದು ಪುಟ್ಟಲಕ್ಷ್ಮಿ ಹೇಳಿದರು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಧಾರಾವಾಹಿಯ ಎರಡನೇ ಭಾಗದ ಚಿತ್ರೀಕರಣಕ್ಕೆ ತಂಡ ನರಸೀಪುರದ ಸುತ್ತ ಜಾಗ ನೋಡಲು ಬರುತ್ತಿತ್ತು. ಕೃಷ್ಣಪ್ರಸಾದ್ ಹೇಗೋ ನಂಬರು ಹಿಡಿದು, ರೇವತಿಯವರನ್ನೂ ನಟ ಚನ್ನಪ್ಪನವರನ್ನೂ ಅಭಿಮಾನಿಗಳ ಸಭೆಗೆ ಒಪ್ಪಿಸಿದರು. ಭಾನುವಾರ ಮಧ್ಯಾಹ್ನ ಮೂರಕ್ಕೆ, ನರಸೀಪುರದ ಒಂದು ಹೋಟೆಲಿನ ಮಹಡಿ ಹಾಲಿನಲ್ಲಿ. ಅಲ್ಲಿ ಅವರು 'ಮಹಿಷ ಚಲನೆ'ಯನ್ನು ಓದುವವರಿದ್ದರು.

"ಅಮ್ಮೋರೆ, ನಾನು ಮುಂದಿನ ಸಾಲ್ನಲ್ಲೇ ಕುಂತ್ಕತೀನಿ" ಎಂದು ನಾಗರತ್ನ ಹೇಳಿದಳು.

ಪುಟ್ಟಲಕ್ಷ್ಮಿಗೂ ಮೊದಲು ಅದೇ ಖುಷಿ. ಆದರೆ ಸಭೆಗೆ ಎರಡು ದಿನ ಮೊದಲು, ಇನ್ನೊಮ್ಮೆ ನಗೋಣವೆಂದು ಆ ಲೇಖನವನ್ನು ಮೊದಲಿನಿಂದ ಓದುತ್ತಿದ್ದವರು ಎಂಟನೇ ಪ್ಯಾರಾದಲ್ಲಿ ನಿಂತರು. ಅದರಲ್ಲಿ ಎಮ್ಮೆಯೇ ಇರಲಿಲ್ಲ. ಕೃಷ್ಣಪ್ರಸಾದ್ ಬರೆದಿದ್ದರು: "ಈ ದೃಶ್ಯದಲ್ಲಿ ಎಲ್ಲರೂ ಗುರುಪಾದಯ್ಯನ ಕಣ್ಣು ನೋಡುತ್ತಾರೆ. ಗಂಟಲನ್ನು ನೋಡಿ. ತಾಯಿ ಬಾಗಿಲಿನಿಂದ ಹೊರಗೆ ಬಂದಾಗ ಅವನು ಒಮ್ಮೆ ಉಗುಳು ನುಂಗುತ್ತಾನೆ. ಅಲ್ಲಿಂದ ಅವಳಿಗೆ ತಿಳಿಯುವವರೆಗೆ, ಸುಮಾರು ನಲವತ್ತು ಸೆಕೆಂಡು, ನುಂಗುವುದೇ ಇಲ್ಲ. ಹೇಳಬೇಕಾದ ಮಾತು ಅಲ್ಲಿ ಸಿಕ್ಕಿಕೊಂಡಿದೆ. ಅವಳು ಕುಸಿದ ಮೇಲೆ ಎರಡನೇ ಸಲ ನುಂಗುತ್ತಾನೆ."

ಪುಟ್ಟಲಕ್ಷ್ಮಿ ದೃಶ್ಯ ಹಾಕಿ ನೋಡಿದರು. ಹೌದು. ಇನ್ನೊಮ್ಮೆ ನೋಡಿದರು, ಗಡಿಯಾರ ಹಿಡಿದು. ನಲವತ್ತೊಂದು ಸೆಕೆಂಡು. ಮೂವತ್ತೆರಡು ವರ್ಷ ಮುಖಗಳನ್ನೇ ನೋಡಿದ ತಮಗೆ ಇದು ಕಂಡಿರಲಿಲ್ಲ. ತಾವು ಕಣ್ಣುಗುಡ್ಡೆಯೊಳಗಿನ ಚೌಕ ಹುಡುಕುತ್ತಿದ್ದಾಗ ಆ ಮನುಷ್ಯ ಗಂಟಲು ನೋಡಿದ್ದ. ಎಮ್ಮೆಯ ಭಾರಕ್ಕೆ ಆ ಒಂದು ಪ್ಯಾರಾ ಎಲ್ಲೋ ಅಡಿಗೆ ಹೋಗಿತ್ತು, ನೂರಹದಿನಾಲ್ಕು ಜನರಲ್ಲಿ ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ಎಮ್ಮೆಯನ್ನು ಅಲ್ಲಿಗೆ ಹೊಡೆದವರು ತಾವೇ.

ಭಾನುವಾರ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕೃಷ್ಣಪ್ರಸಾದ್ ಸಿಕ್ಕಾಗ, ಹೇಳಿಬಿಡಬೇಕೆಂದು ಪುಟ್ಟಲಕ್ಷ್ಮಿ ನಿಶ್ಚಯಿಸಿದ್ದರು. ನಲವತ್ತೈದರ ಆಸುಪಾಸಿನ, ಸಣ್ಣಗಿನ ಮನುಷ್ಯ. ಇಸ್ತ್ರಿ ಮಾಡಿದ ಖಾದಿ ಜುಬ್ಬ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಗುಂಪಿನಲ್ಲಿ ಅಷ್ಟು ಜೋರಾಗಿ ಬರೆಯುವವರು ಎದುರಿಗೆ ಬಹಳ ಸಂಕೋಚದವರು. ಇವರಿಗೆ ಕಿಟಕಿಯ ಪಕ್ಕ ಬಿಟ್ಟುಕೊಟ್ಟು ತುದಿಯಲ್ಲಿ ಕೂತರು.

"ಸರ್, ಆ ಎಮ್ಮೆ ವಿಷಯ…"

"ಅದನ್ನೇ ಹೇಳ್ಬೇಕು ಅಂತಿದ್ದೆ ಅಮ್ಮ. ನೀವು ಕೇಳದೇ ಇದ್ದಿದ್ರೆ ನಾನು ಆ ದಿಕ್ಕಿನಲ್ಲಿ ಯೋಚನೆನೇ ಮಾಡ್ತಿರ್ಲಿಲ್ಲ. ನನ್ನ ಪ್ರಬಂಧದ ಮೊದಲ ಸಾಲಿನಲ್ಲೇ ನಿಮ್ಮ ಹೆಸರಿದೆ."

"ಅಯ್ಯೋ ಬೇಡಿ ಸರ್. ಅದು ಹಾಗಲ್ಲ, ಕೇಳಿ ಇಲ್ಲಿ…"

"ಇಲ್ಲಮ್ಮ, ಸಲ್ಲಬೇಕಾದ್ದು ಸಲ್ಲಬೇಕು" ಎಂದು ಅವರು ಫೈಲು ತೆರೆದು, ತುಟಿ ಅಲ್ಲಾಡಿಸುತ್ತ ಓದಿಕೊಳ್ಳತೊಡಗಿದರು. ಸುತ್ತೂರು ದಾಟುವವರೆಗೆ ಪುಟ್ಟಲಕ್ಷ್ಮಿ ಮೂರು ಸಲ ಬಾಯಿ ತೆರೆದರು. ಮೂರು ಸಲವೂ ಅವರು "ಒಂದ್ನಿಮಿಷ ಅಮ್ಮ, ಈ ಪುಟ ಮುಗೀಲಿ" ಎಂದರು.

ಹಾಲಿನಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಯಮನ ಕಡೆಯವರು ಎಡಕ್ಕೆ, ನ್ಯಾಯದ ಕಡೆಯವರು ಬಲಕ್ಕೆ. ಮುಂದಿನ ಸಾಲಿನಲ್ಲಿ ಹಸಿರು ರೇಷ್ಮೆ ಸೀರೆ ಉಟ್ಟು ನಾಗರತ್ನ ಮದುವೆಗೆ ಬಂದ ಹಾಗೆ ಕೂತಿದ್ದಳು. ಪುಟ್ಟಲಕ್ಷ್ಮಿ ಅವಳ ಪಕ್ಕ ಹೋಗಿ, "ನಗಬೇಡ ಕಣಮ್ಮ" ಎಂದು ಕಿವಿಯಲ್ಲಿ ಹೇಳಿದರು. "ಇಲ್ಲ ಅಮ್ಮೋರೆ" ಎಂದವಳು ಆಗಲೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

ರೇವತಿ ಮೂವತ್ತೈದರ ಹುಡುಗಿಯಂಥ ಹೆಂಗಸು, ಜೀನ್ಸ್ ಪ್ಯಾಂಟು, ಬಿಸಿಲಿಗೆ ಕಂದಿದ ಮುಖ. ಚನ್ನಪ್ಪ ಧಾರಾವಾಹಿಯಲ್ಲಿ ಕಂಡಷ್ಟು ಎತ್ತರವಿರಲಿಲ್ಲ. ಟವೆಲೂ ಇರಲಿಲ್ಲ. ಜನ ಅದಕ್ಕೇ ಸ್ವಲ್ಪ ನಿರಾಶರಾದರು.

ಕೃಷ್ಣಪ್ರಸಾದ್ ಇಪ್ಪತ್ತೆರಡು ನಿಮಿಷ ಓದಿದರು. ಚೆನ್ನಾಗಿಯೇ ಓದಿದರು. ಪುಟ್ಟಲಕ್ಷ್ಮಿಯ ಹೆಸರು ಬಂದಾಗ ಜನ ಚಪ್ಪಾಳೆ ತಟ್ಟಿದರು, ಅವರು ನೆಲ ನೋಡಿದರು. ಕರುಳಬಳ್ಳಿ ಬಂದಾಗ ಪಕ್ಕದ ಕುರ್ಚಿ ಗಡಗಡ ಅಲುಗಿತು. ಎಂಟನೇ ಪ್ಯಾರಾವನ್ನು ಮಾತ್ರ ಅವರು ಸಮಯ ಸಾಲದೆಂದು ಬಿಟ್ಟುಬಿಟ್ಟರು.

ರೇವತಿ ಮೈಕು ಹಿಡಿದು ಎದ್ದು ನಿಂತಳು. ಆಮೇಲೆ ಅವಳ ಕಣ್ಣು ಮುಂದಿನ ಸಾಲಿಗೆ ಬಂತು.

"ಅಕ್ಕ, ನೀವು… ರಿಫ್ಲೆಕ್ಟರ್ ಹಿಡ್ಕೊಂಡಿದ್ದೋರಲ್ವಾ? ಎಮ್ಮೆಯೋರು?"

ತಡೆದಿದ್ದ ನಗು ನಾಗರತ್ನಳ ಕೈಮೀರಿ ಹೋಯಿತು. ಸೆರಗಿನೊಳಗಿಂದ ಅದು ಸೀನಿನ ಹಾಗೆ ಹೊರಟು, ಕಣ್ಣಲ್ಲಿ ನೀರು ತರಿಸಿ, ಅವಳನ್ನು ಎದ್ದು ನಿಲ್ಲುವ ಹಾಗೆ ಮಾಡಿತು. "ಊ ಕನವ್ವ. ಅದು ನಮ್ಮ ಚೆಲುವಿ. ಬಟ್ಟೆ ಇಡ್ಕಂಡು ಅಗ್ಗ ಬುಟ್ಬುಟ್ಟಿದ್ದೆ. ತಪ್ಪಾಯ್ತು."

ರೇವತಿ ನಿಧಾನವಾಗಿ ಹೇಳಿದಳು, ನಾಲ್ಕು ಟೇಕ್ ಕೆಟ್ಟದ್ದು, ಬೆಳಕು ಇಳಿಯುತ್ತಿದ್ದದ್ದು, ಐದನೆಯದರಲ್ಲಿ ಬಂದದ್ದು ಬರಲಿ ಎಂದು ಬಿಟ್ಟದ್ದು. ಚನ್ನಪ್ಪ ಮೈಕಿಲ್ಲದೆಯೇ ಸೇರಿಸಿದರು: "ನಾನು ತಲೆ ತಿರುಗಿಸಿದ್ದು ಮೃತ್ಯುವಿನ ಕರೆಗಲ್ಲ ಸ್ವಾಮಿ. ಅದು ಹಿಂದೆ ಬಂದು ನನ್ನ ಕತ್ತಿನ ಮೇಲೆ ಉಸಿರು ಬಿಡ್ತು. ಹಾಯುತ್ತೋ ಏನೋ ಅಂತ ಭಯ."

ಆಗ ಹಾಲಿಗೆ ಹಾಲೇ ನಕ್ಕಿತು. ಶಿವರಾಜು ಎಲ್ಲರಿಗಿಂತ ಜೋರಾಗಿ ನಕ್ಕರು, ತಮ್ಮ ನ್ಯಾಯವೂ ಅದೇ ಎಮ್ಮೆಯ ಮೇಲೆ ಕೂತಿದ್ದದ್ದನ್ನು ಮರೆತು. ಕೃಷ್ಣಪ್ರಸಾದ್ ಫೈಲು ಮುಚ್ಚಿದರು. ಅದರ ಗುಂಡಿ ಹಾಕಲು ಮೂರು ಸಲ ಒತ್ತಿದರು, ಕೂರಲಿಲ್ಲ. ಕಿವಿ ಕೆಂಪಾಗಿತ್ತು. ಆ ಕಿವಿಯನ್ನು ನೋಡಿದಾಗ ಪುಟ್ಟಲಕ್ಷ್ಮಿಗೆ ಕೂತಿರಲು ಆಗಲಿಲ್ಲ.

ಎದ್ದು ನಿಂತರು. "ಚನ್ನಪ್ಪನವರೇ, ಒಂದು ಮಾತು ಕೇಳ್ತೀನಿ. ಆ ತಾಯಿ ಹೊರಗೆ ಬಂದಾಗ ನೀವು ಒಂದ್ಸಲ ಉಗುಳು ನುಂಗ್ತೀರಿ. ಆಮೇಲೆ ನಲವತ್ತೊಂದು ಸೆಕೆಂಡು ನುಂಗೋದೇ ಇಲ್ಲ. ಅದು ತಾನಾಗಿ ಆಗಿದ್ದಾ, ನೀವು ಮಾಡಿದ್ದಾ?"

ಚನ್ನಪ್ಪನವರ ಮುಖದ ನಗು ಹೋಯಿತು. ಅವರು ಎದ್ದು ನಿಂತು ಮೈಕು ತೆಗೆದುಕೊಂಡರು.

"ಕಂಪನಿ ನಾಟಕದಲ್ಲಿ ಮೂವತ್ತು ವರ್ಷ ಮಾಡಿದೀನಮ್ಮ. ಕೊನೇ ಸಾಲಿನಲ್ಲಿ ಕೂತೋನಿಗೆ ಕಾಣಬೇಕು ಅಂತ ಎದೆ ಬಡ್ಕೊಂಡೇ ಅಳಬೇಕು. ಗಂಟಲು ಯಾರಿಗೆ ಕಾಣ್ತದೆ ಅಲ್ಲಿ? ಇಲ್ಲಿ ಕ್ಯಾಮೆರಾ ಹತ್ತಿರ ಬಂತು. ಒಂದ್ಸಲ ಮಾಡಿ ನೋಡೋಣ ಅಂತ ಮಾಡ್ದೆ. ನಿರ್ದೇಶಕರು ಏನೂ ಹೇಳ್ಲಿಲ್ಲ. ಪೇಪರ್‌ನೋರು ಬರೀಲಿಲ್ಲ. ನನ್ನ ಹೆಂಡ್ತಿನೂ ನೋಡ್ಲಿಲ್ಲ. ಯಾರಿಗೂ ಕಾಣ್ಲಿಲ್ಲ ಅಂತ ಸುಮ್ನಾಗಿದ್ದೆ. ನೀವು ಹೇಗೆ ಕಂಡ್ರಿ?"

"ನಾನು ಕಾಣಲಿಲ್ಲ" ಎಂದರು ಪುಟ್ಟಲಕ್ಷ್ಮಿ. "ಇವರು ಕಂಡ್ರು, ಕೃಷ್ಣಪ್ರಸಾದ್. ಅವರ ಎಂಟನೇ ಪ್ಯಾರಾದಲ್ಲಿದೆ, ಇವತ್ತು ಓದ್ಲಿಲ್ಲ. ಸರ್, ಅದನ್ನ ಓದಿ."

ಕೃಷ್ಣಪ್ರಸಾದ್ ಓದಲಾರೆ ಎನ್ನುವಂತೆ ತಲೆಯಾಡಿಸಿದರು. ಚನ್ನಪ್ಪನವರೇ ಕೆಳಗೆ ಬಂದು ಫೈಲು ಇಸಿದುಕೊಂಡು, ಆ ಹಾಳೆ ಹುಡುಕಿ, ಕನ್ನಡಕ ಏರಿಸಿ, ತಮ್ಮ ಗಂಟಲಿನ ಬಗ್ಗೆ ಬರೆದದ್ದನ್ನು ತಾವೇ ಗಟ್ಟಿಯಾಗಿ ಓದಿದರು. ಹಾಲಿನಲ್ಲಿ ಯಾರೂ ನಗಲಿಲ್ಲ. ಓದಿ ಮುಗಿಸಿ ಹಾಳೆಯನ್ನು ಮಡಿಸಿ, "ಇದು ನನಗಿರ್ಲಿ" ಎಂದು ಜೇಬಿಗೆ ಹಾಕಿಕೊಂಡರು.

ರೇವತಿ ಪುಟ್ಟಲಕ್ಷ್ಮಿಯ ಹತ್ತಿರ ಬಂದಿದ್ದಳು. "ಕಣ್ಣಲ್ಲಿ ಚೌಕ ಇದೆ ಅಂತ ಬರೆದೋರು ನೀವಾ? ಯಾರೋ ಗ್ರೂಪಿನಿಂದ ಕಳಿಸಿದ್ರು ನನಗೆ."

"ಸಹಜ ಬೆಳಕು ಅಂತ ನೀವು ಹೇಳಿದ್ರಂತಲ್ಲ."

"ಬೆಳಕು ಸೂರ್ಯಂದೇ ಅಮ್ಮ. ದಾರಿ ಮಾತ್ರ ನಾನು ತೋರಿಸಿದ್ದು." ಅವಳು ನಕ್ಕಳು. "ಗದ್ದದ ಕೆಳಗೆ ಪೂರ್ತಿ ಕತ್ತಲೆ ಇತ್ತು. ಈ ಅಕ್ಕ ಆ ಬಟ್ಟೆ ಅಲುಗಾಡಿಸದೆ ಹಿಡಿದಿದ್ದಕ್ಕೆ ಗಂಟಲು ಕಂಡಿದ್ದು."

"ಕೈ ಬಿದ್ದೋಗಿತ್ತು ಅನ್ನಿ" ಎಂದಳು ನಾಗರತ್ನ. ಆದರೆ ಆಮೇಲೆ ಬೋಂಡ ಕಾಫಿ ಬಂದಾಗ ಅವಳು ಸಿಕ್ಕಸಿಕ್ಕವರಿಗೆಲ್ಲ ಎರಡೂ ಕೈ ಚಾಚಿ, ಬಟ್ಟೆ ಹೇಗೆ ಹಿಡಿಯಬೇಕೆಂದು ತೋರಿಸುತ್ತಿದ್ದಳು. ಶಿವರಾಜು ಬೋಂಡ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತಿದ್ದರು.

ವಾಪಸು ಬಸ್ಸಿನಲ್ಲಿ ಕೃಷ್ಣಪ್ರಸಾದ್ ಮತ್ತೆ ಇವರ ಪಕ್ಕದಲ್ಲೇ ಕೂತರು. ಬೇರೆ ಸೀಟಿರಲಿಲ್ಲ. ಬಸ್ಸು ನರಸೀಪುರದ ಸೇತುವೆ ದಾಟಿ, ಕಬ್ಬಿನ ಗದ್ದೆಗಳ ನಡುವೆ ಬಹಳ ದೂರ ಬಂದ ಮೇಲೆ ಅವರು ಮುಂದೆ ನೋಡುತ್ತಲೇ ಕೇಳಿದರು:

"ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಕೇಳಿದ ದಿನವೇ?"

"ಕೇಳೋಕ್ಕಿಂತ ಮುಂಚೆ."

ಇನ್ನೊಂದು ಊರು ಹೋಯಿತು. ಬೈದರೆ ಬೈಸಿಕೊಳ್ಳುವುದೆಂದು ಪುಟ್ಟಲಕ್ಷ್ಮಿ ತೀರ್ಮಾನಿಸಿದ್ದರು.

"ಹನ್ನೊಂದು ಪ್ಯಾರಾ ಬರೆದೆ" ಎಂದರು ಕೃಷ್ಣಪ್ರಸಾದ್. "ಬೆಳಗಿನ ಜಾವದವರೆಗೆ ಕೂತು. ನನ್ನ ಹೆಂಡತಿ ಸುಚೇತಾ ಎದ್ದು ಬಂದು, ಏನ್ರೀ ಅದು ಅಂದ್ಲು. ಎಮ್ಮೆ ಅಂದೆ. ವಾಪಸು ಹೋಗಿ ಮಲಗಿದ್ಲು."

ಪುಟ್ಟಲಕ್ಷ್ಮಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಆದರೆ ಭುಜ ಕುಲುಕುವುದನ್ನು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಭುಜವೂ ಕುಲುಕುತ್ತಿರುವುದು ಗೊತ್ತಾಯಿತು.

"ನಾಗರತ್ನ ಅವರ ಮೆಸೇಜು ಅಳಿಸಿದ್ದು ತಪ್ಪಾಯ್ತು" ಎಂದರು ಅವರು, ನಗು ತಗ್ಗಿದ ಮೇಲೆ. "ನಿಮಗೆ ಹಾಗೆ ಉತ್ತರ ಕೊಟ್ಟಿದ್ದೂ."

"ಬರೆಯೋದು ಬಿಡಬೇಡಿ. ಸ್ವಲ್ಪ ಕಮ್ಮಿ ಬರೀರಿ. ಬೆರಳು ನೋಯುತ್ತೆ." ಪುಟ್ಟಲಕ್ಷ್ಮಿ ಸೆರಗು ಸರಿಮಾಡಿಕೊಂಡರು. "ನನಗೆ ಬೆಳಕು ಕಾಣುತ್ತೆ, ಜನ ಏನು ಮಾಡ್ತಾರೆ ಅನ್ನೋದು ಕಾಣಲ್ಲ. ಗಂಟಲು ಹೇಗೆ ಕಂಡಿತು ನಿಮಗೆ?"

ಅವರು ಯೋಚಿಸಿದರು. "ಹೇಗೆ ಅಂದ್ರೆ… ಸುಮ್ನೆ ನೋಡ್ತಾ ಇರ್ತೀನಿ. ಈಗ ಮುಂದಿನ ಸೀಟಿನಲ್ಲಿ ಆ ಯಜಮಾನ್ತಿ ಇದಾರಲ್ಲ, ನೀಲಿ ಸೀರೆ. ಮಲಗಿಲ್ಲ ಅವರು."

ಮುಂದಿನ ಸೀಟಿನಲ್ಲಿ ಐವತ್ತರ ಹೆಂಗಸೊಬ್ಬಳು ಕಂಬಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅವಳ ಪಕ್ಕದವಳು ಹತ್ತಿದಾಗಿನಿಂದ ಬಾಯಿ ಮುಚ್ಚದೆ ತನ್ನ ಸೊಸೆಯ ಬಗ್ಗೆ ಹೇಳುತ್ತಿದ್ದಳು.

"ನಿದ್ದೆ ಬಂದೋರ ಬಾಯಿ ಸ್ವಲ್ಪ ತೆರೆದುಕೊಳ್ಳುತ್ತೆ" ಎಂದು ಕೃಷ್ಣಪ್ರಸಾದ್ ಪಿಸುಗುಟ್ಟಿದರು. "ಇವರು ಹಲ್ಲು ಕಚ್ಚಿದಾರೆ. ಸೊಸೆ ಅಂದಾಗಲೆಲ್ಲ ದವಡೆ ಬಿಗಿಯುತ್ತೆ, ನೋಡಿ."

ಪುಟ್ಟಲಕ್ಷ್ಮಿ ನೋಡಿದರು. ಇಳಿಬಿಸಿಲು ಎಡಗಡೆಯ ಕಿಟಕಿಯಿಂದ ಸರಿಯಾಗಿ ಆ ದವಡೆಯ ಮೇಲೆಯೇ ಬೀಳುತ್ತಿತ್ತು. ಸೊಸೆ ಎಂಬ ಮಾತು ಬಂತು, ದವಡೆ ಬಿಗಿಯಿತು. "ಅಯ್ಯೋ ಹೌದಲ್ರೀ" ಎಂದು ಅವರು ಬೆರಗಾಗಿ ಇನ್ನೂ ಮುಂದಕ್ಕೆ ಬಾಗಿದರು. "ಒಂದು ಪರದೆ ಹಾಕಿ ಆ ಕಡೆ ಸ್ವಲ್ಪ ಕತ್ತಲೆ ಮಾಡಿದ್ರೆ ಇನ್ನೂ ಚೆನ್ನಾಗಿ ಕಾಣೋದು."

ಇಬ್ಬರ ತಲೆಯೂ ಮುಂದಿನ ಸೀಟಿನ ಕಂಬಿಯ ಹತ್ತಿರಕ್ಕೆ ಬಂದಿತ್ತು. ಆ ಹೆಂಗಸು ಕಣ್ಣು ಪೂರ್ತಿ ತೆರೆಯಲಿಲ್ಲ. ಇವರ ಕಡೆಗಿದ್ದ ಒಂದನ್ನು ಮಾತ್ರ ಸ್ವಲ್ಪ ತೆರೆದಳು.

"ನೀವಾರ ಸುಮ್ನಿರ್ರಪ್ಪ" ಎಂದು ಹಲ್ಲಿನ ಸಂದಿಯಿಂದ ಹೇಳಿದಳು. "ನಂಜನಗೂಡು ಬರಗಂಟ ನಾನು ಮಲಗಿವ್ನಿ."